ಕೆಲಸಕ್ಕೆ ಮುಂಚೆಯೇ ಚೆಕ್ ಬಂತಾ? ಸ್ವಲ್ಪ ತಡೀರಿ

ಅಮೆರಿಕಕ್ಕೆ ಓದಲು ಬಂದು ಪಾರ್ಟ್‌ಟೈಮ್ ಕೆಲಸ ಹುಡುಕುವ ನಮ್ಮ ಮಕ್ಕಳಿಗೆ ಟೋಪಿ ಹಾಕುವ ದಾರಿಗಳಲ್ಲಿ ಇದು ಹಳೆಯದು. ಆದರೂ ಪ್ರತಿ ಸೆಮಿಸ್ಟರ್ ಶುರುವಾದಾಗ ಯಾರಾದರೊಬ್ಬರು ಬೀಳುತ್ತಲೇ ಇರುತ್ತಾರೆ. ನಡೆಯುವುದು ಇಷ್ಟೇ. ಕೆಲಸ ಸಿಕ್ಕಿತು ಅಂತ ಮೆಸೇಜ್ ಬರುತ್ತದೆ. ಒಂದು ಗಂಟೆಯೂ ಕೆಲಸ ಮಾಡಿರುವುದಿಲ್ಲ, ಅಷ್ಟರಲ್ಲೇ ಎರಡು ಮೂರು ಸಾವಿರ ಡಾಲರ್‌ಗಳ ಚೆಕ್ ಬರುತ್ತದೆ. ಬ್ಯಾಂಕಿಗೆ ಹಾಕಿದರೆ ಮರುದಿನವೇ ಬ್ಯಾಲೆನ್ಸ್ ಏರಿರುತ್ತದೆ. 'ಇದರಲ್ಲಿ ನಿನ್ನ ಪಾಲು ಇಷ್ಟು, ಉಳಿದದ್ದನ್ನು ಇಂಥವರಿಗೆ ಕಳಿಸು' ಅಂತಾರೆ. ಇವರು ಕಳಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಚೆಕ್ ನಕಲಿ ಅಂತ ವಾಪಸ್ ಬರುತ್ತದೆ. ಬ್ಯಾಂಕು ಚೆಕ್ಕಿನ ಪೂರ್ತಿ ಮೊತ್ತವನ್ನು ಅಕೌಂಟಿನಿಂದ ತೆಗೆಯುತ್ತದೆ. ಕಳಿಸಿದ ದುಡ್ಡು ಹೋಯಿತು, ಮೇಲೆ ಬ್ಯಾಂಕಿಗೆ ಸಾಲ.

ನಾನು ಡಾಲಸ್ ಪಕ್ಕದ ಊರೊಂದರಲ್ಲಿ ಬ್ಯಾಂಕ್ ಟೆಲ್ಲರ್. ಹತ್ತಿರದಲ್ಲೇ ಯೂನಿವರ್ಸಿಟಿ ಇರುವುದರಿಂದ ಕೌಂಟರಿಗೆ ಬರುವವರಲ್ಲಿ ನಮ್ಮ ದೇಶದ ಮಕ್ಕಳೇ ಜಾಸ್ತಿ. ಮದುವೆಗೆ ಮುಂಚೆ ತಿಪಟೂರಿನಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಲಿಯರಿಂಗ್ ನೋಡಿಕೊಳ್ಳುತ್ತಿದ್ದೆ. ಕೊಬ್ಬರಿ ಮಂಡಿಯವರ ಚೆಕ್ಕುಗಳನ್ನು ಎಣಿಸಿ ಎಣಿಸಿ ಕೈ ಪಳಗಿದೆ. ಎರಡೂ ಕಡೆಯ ಚೆಕ್ ವ್ಯವಹಾರ ನೋಡಿರುವುದರಿಂದ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ನಮ್ಮ ಮಕ್ಕಳು ದಡ್ಡರಾಗಿ ಇದಕ್ಕೆ ಬೀಳುವುದಿಲ್ಲ. ಊರಿನ ಚೆಕ್ಕಿನ ಲೆಕ್ಕವನ್ನು ಇಲ್ಲಿಯ ಚೆಕ್ಕಿಗೂ ಹಾಕುವುದರಿಂದ ಬೀಳುತ್ತಾರೆ.

ಊರಿನ ಚೆಕ್ಕು, ಇಲ್ಲಿಯ ಚೆಕ್ಕು

ಊರಿನಲ್ಲಿ ಚೆಕ್ ಹಾಕಿದರೆ ಅದು ಕ್ಲಿಯರಿಂಗ್‌ಗೆ ಹೋಗುತ್ತದೆ. ಆ ಕಡೆಯ ಬ್ಯಾಂಕು ಒಪ್ಪಿದ ಮೇಲೆ ನಮಗೆ ದುಡ್ಡು ತೆಗೆಯಲು ಬಿಡುತ್ತಾರೆ. ತೆಗೆಯಲು ಬಿಟ್ಟರು ಅಂದರೆ ಮುಗೀತು, ಆ ದುಡ್ಡು ನಮ್ಮದು. ಬೌನ್ಸ್ ಆದರೆ ತಲೆಬಿಸಿ ಚೆಕ್ ಕೊಟ್ಟವನಿಗೆ. ಕಲಂ 138ರ ಕೇಸು ಅಂದರೆ ಹಳ್ಳಿಯ ಅಂಗಡಿಯವರಿಗೂ ಗೊತ್ತು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟರವರೆಗೆ ದಂಡ, ಕೆಲವೊಮ್ಮೆ ಎರಡೂ. ಇನ್ನು ಡಿಡಿ ಆದರಂತೂ ಕಾಲೇಜು ಫೀಸಿನಿಂದ ಹಿಡಿದು ಸೈಟಿನ ವ್ಯವಹಾರದವರೆಗೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇವೆ.

ಇಲ್ಲಿಯ ಕತೆ ಬೇರೆ. ಹಿಂದೆ ಇಲ್ಲಿಯ ಬ್ಯಾಂಕುಗಳು ಚೆಕ್ ಹಾಕಿದವರ ದುಡ್ಡನ್ನು ದಿನಗಟ್ಟಲೆ ತಡೆದಿಡುತ್ತಿದ್ದವು. ಜನ ಗಲಾಟೆ ಮಾಡಿದರು. 1987ರಲ್ಲಿ ಇಲ್ಲಿಯ ಸಂಸತ್ತು, ಅಂದರೆ ಕಾಂಗ್ರೆಸ್, ಒಂದು ಕಾನೂನು ತಂದಿತು: ಇಷ್ಟು ದಿನದೊಳಗೆ ಗ್ರಾಹಕರಿಗೆ ದುಡ್ಡು ತೆಗೆಯಲು ಬಿಡಲೇಬೇಕು. ಅದನ್ನು ಜಾರಿ ಮಾಡುವ, ಇಲ್ಲಿಯ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ ನಿಯಮಕ್ಕೆ ರೆಗ್ಯುಲೇಷನ್ ಸಿಸಿ ಅಂತ ಹೆಸರು. ಸಾಮಾನ್ಯ ಚೆಕ್ಕಿನಲ್ಲಿ ಮೊದಲ 275 ಡಾಲರ್ ಮುಂದಿನ ಕೆಲಸದ ದಿನವೇ ಕೈಗೆ ಸಿಗಬೇಕು. 2025ರ ಜುಲೈಗೆ ಮುಂಚೆ ಅದು 225 ಇತ್ತು. ಉಳಿದದ್ದು ಸಾಮಾನ್ಯವಾಗಿ ಎರಡನೇ ದಿನಕ್ಕೆ. ಕ್ಯಾಷಿಯರ್ಸ್ ಚೆಕ್ ಅಂತ ಒಂದಿದೆ, ನಮ್ಮ ಡಿಡಿ ಇದ್ದ ಹಾಗೆ. ಅದನ್ನು ಕೌಂಟರಿನಲ್ಲಿ ಕೊಟ್ಟು ಸ್ವಂತ ಅಕೌಂಟಿಗೆ ಹಾಕಿದರೆ ಮುಂದಿನ ಕೆಲಸದ ದಿನವೇ ಸಿಗಬೇಕು. ಮೊತ್ತ ತೀರಾ ದೊಡ್ಡದಾಗಿದ್ದರೆ, ಅಕೌಂಟ್ ಹೊಸದಾಗಿದ್ದರೆ, ಅನುಮಾನಕ್ಕೆ ಕಾರಣ ಇದ್ದರೆ, ಇಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ತಡೆಹಿಡಿಯಬಹುದು.

ಅಂದರೆ ಮರುದಿನ ಆ್ಯಪಿನಲ್ಲಿ ಕಾಣುವ ದುಡ್ಡು ಚೆಕ್ ಕೊಟ್ಟವನ ಬ್ಯಾಂಕಿನಿಂದ ಬಂದದ್ದಲ್ಲ. ಅದು ನಮ್ಮ ಬ್ಯಾಂಕು ನಿಮ್ಮನ್ನು ನಂಬಿ ಮುಂಗಡವಾಗಿ ಕೊಟ್ಟದ್ದು. 'ಅವೈಲಬಲ್' ಅಂತ ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ ಬರೆದಿದ್ದರೂ ಅಷ್ಟೇ. ಆ ಕಡೆಯ ಬ್ಯಾಂಕು 'ಈ ಚೆಕ್ ನಮ್ಮದಲ್ಲ' ಅಂತ ವಾಪಸ್ ಕಳಿಸಿದ ದಿನ ಮುಂಗಡವನ್ನು ಹಿಂದಕ್ಕೆ ಪಡೆಯುವ ಹಕ್ಕು ಬ್ಯಾಂಕಿಗಿದೆ. ಅಕೌಂಟ್ ತೆರೆಯುವಾಗ ಓದದೆ ಸಹಿ ಹಾಕಿದ ಪುಸ್ತಕದಲ್ಲಿ ಇದೆಲ್ಲ ಬರೆದಿದೆ. ಆ ವಾಪಸಾತಿ ಒಂದೆರಡು ದಿನಕ್ಕೆ ಬರಬಹುದು, ವಾರವಾಗಬಹುದು, ಕೆಲವು ಸಲ ಅದಕ್ಕೂ ಜಾಸ್ತಿ. ಮೋಸಗಾರ ಬದುಕುವುದು ಈ ನಡುವಿನ ದಿನಗಳಲ್ಲೇ.

ಬೌನ್ಸ್ ಆದ ಚೆಕ್ಕಿಗೆ ಇಲ್ಲಿ ತಲೆ ಕೊಡಬೇಕಾದವರು, ಕೊನೆಗೆ, ಹಾಕಿದವರು. ಕೊಟ್ಟವನನ್ನು ಹುಡುಕಿ ವಸೂಲಿ ಮಾಡುವ ಹಕ್ಕು ನಿಮಗಿದೆ, ನಿಜ. ಆದರೆ ಹುಡುಕುವುದು ಯಾರನ್ನು?

ಎಟಿಎಂ ಕೆಟ್ಟಿದ್ದ ದಿನ

ಒಬ್ಬ ಹುಡುಗ ಬಂದಿದ್ದ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ಎಂ.ಎಸ್. ಎರಡನೇ ಸೆಮಿಸ್ಟರ್. ಕೈಯಲ್ಲಿ 2,950 ಡಾಲರ್‌ಗಳ ಕ್ಯಾಷಿಯರ್ಸ್ ಚೆಕ್, ಅದು ಬಂದ ಪ್ರಯಾರಿಟಿ ಮೇಲ್ ಲಕೋಟೆಯೂ ಜೊತೆಗೇ ಇತ್ತು. ನನ್ನ ಎದೆಯ ಮೇಲಿದ್ದ ಹೆಸರು ಓದಿದ.

"ನೀವು ಕನ್ನಡದವರಾ ಅಕ್ಕಾ?"

"ಹೂಂ ಕಣಪ್ಪಾ. ಎಲ್ಲಿಂದ ಬಂತು ಈ ಚೆಕ್ಕು?"

"ಕೆಲಸದ್ದು ಅಕ್ಕಾ. ಅಡ್ವಾನ್ಸ್."

"ಕೆಲಸ ಶುರುವಾಯ್ತಾ?"

"ಇಲ್ಲ, ಸೋಮವಾರದಿಂದ. ಲ್ಯಾಪ್‌ಟಾಪು, ಪ್ರಿಂಟರು ತಗೊಳ್ಳೋಕೆ ಕಳಿಸಿದಾರೆ."

"ಎಲ್ಲಿ ತಗೋಬೇಕಂತೆ?"

"ಅವರದೇ ವೆಂಡರ್ ಇದಾನಂತೆ. 350 ನಾನಿಟ್ಕೊಂಡು ಮಿಕ್ಕಿದ್ದು ಅವನಿಗೆ ಝೆಲ್ ಮಾಡ್ಬೇಕು."

ಝೆಲ್ ಅಂದರೆ ಅಕೌಂಟಿನಿಂದ ಅಕೌಂಟಿಗೆ ತಕ್ಷಣ ದುಡ್ಡು ಕಳಿಸುವ ದಾರಿ, ನಮ್ಮ ಯುಪಿಐ ಇದ್ದ ಹಾಗೆ. ಅಲ್ಲಿಗೆ ಇದು ಮೋಸ ಅಂತ ನನಗೆ ಗೊತ್ತಾಯಿತು. ಆದರೂ ಅವನಿಗೆ ಗೊತ್ತಾಗಬೇಕಲ್ಲ. ಚೆಕ್ಕನ್ನೂ ಲಕೋಟೆಯನ್ನೂ ಪಕ್ಕಪಕ್ಕ ಇಟ್ಟೆ. ಲಕೋಟೆ ಕಳಿಸಿದ್ದು ಫ್ಲಾರಿಡಾದ ಯಾರೋ ಹೆಂಗಸು. ಚೆಕ್ಕು ಓಹಾಯೋದ ಒಂದು ಚಿಕ್ಕ ಬ್ಯಾಂಕಿನದು. ಅದನ್ನು ಮಾಡಿಸಿದವರು ಅಂತ ಬರೆದಿದ್ದದ್ದು ಕೊಳಾಯಿ ಸಾಮಾನು ಮಾರುವ ಕಂಪನಿ. ಇವನಿಗೆ ಕೆಲಸ ಕೊಟ್ಟದ್ದು ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಕಂಪನಿ! ನಾಲ್ಕು ಹೆಸರು, ಒಂದಕ್ಕೊಂದು ಸಂಬಂಧವಿಲ್ಲ. ಕೇಳಿದಾಗ 'ಅದು ನಮ್ಮ ಕ್ಲೈಂಟು, ನಮಗೆ ಕೊಡಬೇಕಾದ ದುಡ್ಡನ್ನು ನೇರ ನಿನಗೆ ಕೊಡುತ್ತಿದ್ದಾರೆ' ಅಂದಿದ್ದರಂತೆ.

ಚೆಕ್ಕಿನ ಕೆಳಗೆ ವಿಚಿತ್ರ ಅಕ್ಷರದಲ್ಲಿ ನಂಬರುಗಳ ಸಾಲು ಇರುತ್ತದೆ. ಅದರಲ್ಲಿ ಒಂಬತ್ತು ಅಂಕಿಯದು ರೌಟಿಂಗ್ ನಂಬರ್. ಸಾಮಾನ್ಯವಾಗಿ ಅದರ ಮೊದಲ ಎರಡು ಅಂಕಿ 01ರಿಂದ 12ರವರೆಗೆ, ಅಂದರೆ ಫೆಡರಲ್ ರಿಸರ್ವಿನ ಹನ್ನೆರಡು ವಲಯಗಳಲ್ಲಿ ಒಂದು. 02 ನ್ಯೂಯಾರ್ಕ್, 07 ಶಿಕಾಗೋ, ನಮ್ಮ ಡಾಲಸ್ 11. ಓಹಾಯೋ ಬರುವುದು ಕ್ಲೀವ್‌ಲ್ಯಾಂಡ್ ವಲಯಕ್ಕೆ, ಅದು 04. ಈ ಚೆಕ್ಕಿನಲ್ಲಿದ್ದದ್ದು 12ರಿಂದ ಶುರುವಾಗುವ ನಂಬರು, ಸ್ಯಾನ್‌ಫ್ರಾನ್ಸಿಸ್ಕೋ ವಲಯದ್ದು. ಇಂಥ ಬೆರಕೆ ಕೈತಪ್ಪಿ ಆಗುವುದಲ್ಲ, ಬೇಕೆಂದೇ ಮಾಡುತ್ತಾರೆ. ಚೆಕ್ ತಪ್ಪು ಬ್ಯಾಂಕಿಗೆ ಹೋಗಿ ಸುತ್ತಿ ಬರಲಿ, ಅಷ್ಟರಲ್ಲಿ ಇನ್ನೊಂದೆರಡು ದಿನ ಸಿಗಲಿ ಅಂತ. ದೊಡ್ಡ ಬ್ಯಾಂಕುಗಳಿಗೆ ಹಲವು ರೌಟಿಂಗ್ ನಂಬರ್ ಇರುತ್ತವೆ, ಹಾಗಾಗಿ ಇದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಊರಿಗೊಂದೇ ಶಾಖೆಯ ಚಿಕ್ಕ ಬ್ಯಾಂಕಿಗೆ ದೇಶದ ಆ ಕಡೆಯ ನಂಬರ್ ಇದ್ದರೆ ಮಾತ್ರ ಹುಬ್ಬೇರಿಸಬೇಕು.

ಚೆಕ್ಕಿನ ಮೇಲಿದ್ದ ಫೋನ್ ನಂಬರಿಗೆ ನಾನು ಮಾಡಲಿಲ್ಲ. ಅಲ್ಲಿ ಎತ್ತುವವನೂ ಅವರ ಗುಂಪಿನವನೇ ಇರಬಹುದು. ಬ್ಯಾಂಕ್ ಠೇವಣಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಐಸಿಯ ಜಾಲತಾಣದಲ್ಲಿ ಬ್ಯಾಂಕ್‌ಫೈಂಡ್ ಅಂತ ಇದೆ, ದೇಶದ ವಿಮೆ ಇರುವ ಬ್ಯಾಂಕುಗಳೆಲ್ಲ ಅದರಲ್ಲಿ ಸಿಗುತ್ತವೆ. ಅಲ್ಲಿಂದ ಆ ಬ್ಯಾಂಕಿನ ಜಾಲತಾಣ ತೆಗೆದು, ಅದರಲ್ಲಿದ್ದ ನಂಬರಿಗೆ ಮಾಡಿದೆ. ಚೆಕ್ ನಂಬರ್, ಮೊತ್ತ, ಹೆಸರು ಹೇಳಿದೆ. ಆ ನಂಬರಿನ ಕ್ಯಾಷಿಯರ್ಸ್ ಚೆಕ್ ತಾವು ಕೊಟ್ಟೇ ಇಲ್ಲ ಅಂದರು.

ಇಷ್ಟು ಹೊತ್ತೂ ಅವನ ಫೋನು ಕೌಂಟರ್ ಮೇಲೆ ನಡುಗುತ್ತಲೇ ಇತ್ತು. ಹಾಕಿದೆಯಾ? ರಸೀದಿಯ ಫೋಟೋ ಕಳಿಸು. ಬ್ಯಾಲೆನ್ಸ್ ಸ್ಕ್ರೀನ್‌ಶಾಟ್ ಕಳಿಸು. ವೆಂಡರ್ ಕಾಯ್ತಿದ್ದಾನೆ. ಮೇಲೆ ಸ್ಕ್ರಾಲ್ ಮಾಡಿದರೆ ಹಿಂದಿನ ದಿನದ ಒಂದು ಮೆಸೇಜ್ ಇತ್ತು: ಕೌಂಟರಿಗೆ ಹೋಗಬೇಡ, ಎಟಿಎಂನಲ್ಲೇ ಹಾಕು, ಬೇಗ ಆಗುತ್ತದೆ. ನಮ್ಮ ಎಟಿಎಂ ಅವತ್ತು ಕೆಟ್ಟು ನಿಂತಿತ್ತು. ಅವನ ಪುಣ್ಯ ಅನ್ನಬೇಕು.

ಕಾಗದ ನೋಡಿ ಕಂಡುಹಿಡಿಯಬಹುದಾ?

ಜನ ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಒಂದಿಷ್ಟು ಗುರುತುಗಳಿವೆ. ಕೆಳಗಿನ ನಂಬರುಗಳು ಆಯಸ್ಕಾಂತದ ಶಾಯಿಯಲ್ಲಿರುತ್ತವೆ, ಮಂಕಾಗಿ ಕಾಣುತ್ತವೆ. ಮನೆಯ ಪ್ರಿಂಟರಿನದಾದರೆ ಹೊಳೆಯಬಹುದು. ಬಹಳಷ್ಟು ಚೆಕ್ಕುಗಳಿಗೆ ಒಂದು ಅಂಚು ಹರಿದು ತೆಗೆದಂತೆ ಒರಟಾಗಿರುತ್ತದೆ. ಹೆಸರಿನ ಅಕ್ಷರ ಒಂದು ಥರ, ಮೊತ್ತದ ಅಕ್ಷರ ಇನ್ನೊಂದು ಥರ ಇದ್ದರೆ ಅನುಮಾನಪಡಬೇಕು.

ಆದರೆ ಇವನ್ನೆಲ್ಲ ನಂಬಿ ಕೂರಬೇಡಿ ಅಂತಲೇ ಹೇಳುತ್ತೇನೆ. ನೀರುಗುರುತಿನ ಚೆಕ್ ಕಾಗದ ಇಲ್ಲಿ ಸ್ಟೇಷನರಿ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಕಂಪನಿಯ ಹೆಸರು ನಿಜದ್ದು, ಅಕೌಂಟ್ ನಂಬರೂ ನಿಜದ್ದೇ ಇರಬಹುದು. ಯಾವುದೋ ಕಂಪನಿಯ ಒಂದು ನಿಜವಾದ ಚೆಕ್ ಟಪಾಲಿನಿಂದ ಕದ್ದು ಅದರ ವಿವರಗಳಿಂದ ನೂರು ಚೆಕ್ ಮುದ್ರಿಸುತ್ತಾರೆ. ಆಗ ಆ ಬ್ಯಾಂಕಿಗೆ ಫೋನ್ ಮಾಡಿ 'ಈ ಅಕೌಂಟಿನಲ್ಲಿ ದುಡ್ಡಿದೆಯಾ' ಅಂದರೆ ಇದೆ ಅಂತಲೇ ಉತ್ತರ ಬರುತ್ತದೆ. ಅದಕ್ಕೇ ಕೇಳಬೇಕಾದ್ದು 'ಈ ನಂಬರಿನ, ಈ ಮೊತ್ತದ, ಈ ಹೆಸರಿನ ಚೆಕ್ಕನ್ನು ನೀವೇ ಕೊಟ್ಟದ್ದಾ' ಅಂತ. ನನ್ನಂಥವರೇ ಎಷ್ಟೋ ಚೆಕ್ಕುಗಳನ್ನು ಬರೀ ಕೈಯಲ್ಲಿ ಮುಟ್ಟಿ ಹೇಳಲಾರೆವು.

ಚೆಕ್ಕಿಗಿಂತ ಅದರ ಹಿಂದಿನ ಮಾತುಕತೆ ನೋಡಿ. ಅಲ್ಲಿ ಸಿಕ್ಕಿಬೀಳುವಷ್ಟು ಕಾಗದದಲ್ಲಿ ಸಿಕ್ಕಿಬೀಳುವುದಿಲ್ಲ.

ಮಾತಿನ ವರಸೆ

ಶುರುವಾಗುವುದು ಯೂನಿವರ್ಸಿಟಿಯ ಈಮೇಲಿಗೆ ಬರುವ ಒಂದು ಪತ್ರದಿಂದ. ಯಾರೋ ಪ್ರೊಫೆಸರ್ ಹೆಸರು ಹಾಕಿರುತ್ತಾರೆ, ಆ ಪ್ರೊಫೆಸರ್ ನಿಜಕ್ಕೂ ಇರುತ್ತಾರೆ. 'ಪರ್ಸನಲ್ ಅಸಿಸ್ಟೆಂಟ್ ಬೇಕು, ವಾರಕ್ಕೆ ಆರು ಗಂಟೆ, 350 ಡಾಲರ್, ಮನೆಯಿಂದಲೇ ಮಾಡಬಹುದು.' ಗಂಟೆಗೆ ಎಷ್ಟಾಯಿತು ಲೆಕ್ಕ ಹಾಕಿ. ಕ್ಯಾಂಪಸ್ಸಿನಲ್ಲಿ ಅಡುಗೆಮನೆ ಕೆಲಸಕ್ಕೆ ಸಿಗುವುದರ ನಾಲ್ಕೈದು ಪಟ್ಟು! ಕೊನೆಯಲ್ಲಿ 'ನಿಮ್ಮ ಸ್ವಂತ ಈಮೇಲಿನಿಂದ ಉತ್ತರಿಸಿ, ಫೋನ್ ನಂಬರ್ ಕೊಡಿ' ಅಂತಿರುತ್ತದೆ. ಯೂನಿವರ್ಸಿಟಿಯವರ ಕಣ್ಣಿನಿಂದ ನಿಮ್ಮನ್ನು ಹೊರಗೆ ಕರೆದುಕೊಂಡು ಹೋಗುವುದೇ ಈ ಸಾಲಿನ ಉದ್ದೇಶ. ಎಫ್‌ಬಿಐ 2017ರಲ್ಲೇ ಕಾಲೇಜು ಮಕ್ಕಳಿಗೆ ಬರುವ ಇಂಥ ಪತ್ರಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಧಾಟಿ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಆಮೇಲೆ ಇಂಟರ್‌ವ್ಯೂ. ಟೆಲಿಗ್ರಾಮಿನಲ್ಲೋ ವಾಟ್ಸ್ಆ್ಯಪಿನಲ್ಲೋ ಬರೀ ಟೈಪ್ ಮಾಡುತ್ತಾ ನಡೆಯುತ್ತದೆ. ಮುಖ ಕಾಣಿಸುವುದಿಲ್ಲ. ಹತ್ತು ಪ್ರಶ್ನೆ ಕೇಳಿ ಅರ್ಧ ಗಂಟೆಯಲ್ಲಿ 'ಅಭಿನಂದನೆ, ನೀವು ಆಯ್ಕೆಯಾಗಿದ್ದೀರಿ' ಅಂತಾರೆ. ನಂತರ ಒಂದು ಪ್ರಶ್ನೆ ಬರುತ್ತದೆ, ಅದನ್ನು ಗಮನಿಸಿ: ನಿನ್ನ ಅಕೌಂಟ್ ಯಾವ ಬ್ಯಾಂಕಿನಲ್ಲಿದೆ? ಫೋನಿನಲ್ಲಿ ಚೆಕ್ ಹಾಕಿದರೆ ದಿನಕ್ಕೆ ಎಷ್ಟರವರೆಗೆ ಬಿಡುತ್ತಾರೆ? ಸಂಬಳ ಕೊಡುವವರಿಗೆ ಇದೆಲ್ಲ ಯಾಕೆ ಬೇಕು ಹೇಳಿ. ಡೈರೆಕ್ಟ್ ಡಿಪಾಸಿಟ್ ಮಾಡಲು ರೌಟಿಂಗ್ ನಂಬರ್, ಅಕೌಂಟ್ ನಂಬರ್ ಸಾಕು. ಅದೂ ಕೆಲಸಕ್ಕೆ ಸೇರಿದ ಮೇಲೆ. ಕೆಲವರು ಚೆಕ್ಕಿನ ಪಿಡಿಎಫ್ ಕಳಿಸಿ 'ಪ್ರಿಂಟ್ ತೆಗೆದು ಫೋಟೋ ಹೊಡೆದು ಹಾಕು' ಅಂತಾರೆ. ಇನ್ನು ಕೆಲವರು 'ನಾವೇ ಹಾಕುತ್ತೇವೆ' ಅಂತ ನಿಮ್ಮ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನೇ ಕೇಳುತ್ತಾರೆ. ಕೊಟ್ಟರೆ ಆ ಅಕೌಂಟ್ ನಿಮ್ಮ ಕೈಯಲ್ಲಿಲ್ಲ ಅಂತಲೇ ಲೆಕ್ಕ.

ಚೆಕ್ ಬಂದ ಮೇಲೆ ಅವಸರ. ಲ್ಯಾಪ್‌ಟಾಪಿನ ವೆಂಡರ್ ಇರಬಹುದು, ಅನಾಥಾಶ್ರಮದ ಮಕ್ಕಳಿಗೆ ಗಿಫ್ಟ್ ಕಾರ್ಡ್ ಕೊಂಡು ಹಿಂದಿನ ನಂಬರ್ ಕೆರೆದು ಫೋಟೋ ಕಳಿಸುವುದಿರಬಹುದು, ಬಿಟ್‌ಕಾಯಿನ್ ಯಂತ್ರಕ್ಕೆ ದುಡ್ಡು ತುಂಬುವುದಿರಬಹುದು. ರೂಪ ಏನೇ ಇರಲಿ, ಬಂದ ಚೆಕ್ಕಿನಿಂದ ಒಂದು ಭಾಗ ನಿಮ್ಮ ಕೈಯಿಂದ ಹೊರಗೆ ಹೋಗಬೇಕು, ಅದೂ ವಾಪಸ್ ತರಲಾಗದ ದಾರಿಯಲ್ಲಿ. ಇದೊಂದು ಕಂಡರೆ ಬೇರೇನೂ ನೋಡಬೇಕಾಗಿಲ್ಲ. ನಿಜವಾದ ಕಂಪನಿಗೆ ಲ್ಯಾಪ್‌ಟಾಪ್ ಬೇಕಿದ್ದರೆ ಅವರೇ ಕೊಂಡು ಡಬ್ಬಿ ಕಳಿಸುತ್ತಾರೆ. ನಿಮ್ಮ ಅಕೌಂಟಿನ ಮೂಲಕ ತಮ್ಮ ವೆಂಡರಿಗೆ ದುಡ್ಡು ಕೊಡಿಸುವ ಕಂಪನಿ ಈ ಭೂಮಿಯ ಮೇಲೆ ಇಲ್ಲ.

ವೀಸಾದವರಿಗೆ ಇನ್ನೊಂದು ಅಳತೆಗೋಲಿದೆ. ಎಫ್-1, ಅಂದರೆ ಓದುವವರ ವೀಸಾದಲ್ಲಿ ಇರುವವರು ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಹೊರಗಿನ ಕೆಲಸಕ್ಕೆ ಸಿಪಿಟಿ (ಓದಿನ ಭಾಗವಾಗಿ ಮಾಡುವ ಕೆಲಸಕ್ಕೆ), ಓಪಿಟಿ (ಓದಿಗೆ ಸಂಬಂಧಪಟ್ಟ ಕೆಲಸಕ್ಕೆ, ಸಾಮಾನ್ಯವಾಗಿ ಓದು ಮುಗಿದ ಮೇಲೆ) ಇಂಥ ಅನುಮತಿ ಬೇಕು. ಇಲ್ಲಿ ಯಾರೇ ಕೆಲಸ ಕೊಟ್ಟರೂ ಸೇರಿದ ಮೂರು ಕೆಲಸದ ದಿನದೊಳಗೆ, ಕೆಲಸ ಮಾಡಲು ಅನುಮತಿ ಇದೆಯಾ ಅಂತ ಖಚಿತಪಡಿಸುವ ಐ-9 ಫಾರಂ ಜೊತೆ ನಿಮ್ಮ ದಾಖಲೆ ನೋಡಲೇಬೇಕು. 'ಪೇಪರ್ ಏನೂ ಬೇಡ, ವೀಸಾ ನಮಗೆ ಸಮಸ್ಯೆಯಲ್ಲ' ಅನ್ನುವವನು ಉದಾರಿಯಲ್ಲ. ಉಲ್ಟಾ ಮಾಡುವವರೂ ಇದ್ದಾರೆ, ಐ-9, ಸಂಬಳದ ತೆರಿಗೆಯ ಡಬ್ಲ್ಯು-4 ಇವುಗಳ ನಕಲಿ ಫಾರಂ ಕಳಿಸಿ ಸೋಷಿಯಲ್ ಸೆಕ್ಯುರಿಟಿ ನಂಬರ್ (ನಮ್ಮ ಆಧಾರ್ ನಂಬರ್ ಇದ್ದ ಹಾಗೆ) ಕದಿಯುತ್ತಾರೆ. ಓಪಿಟಿಯಲ್ಲಿ ಕೆಲಸವಿಲ್ಲದೆ ಕೂರಲು ಒಟ್ಟು 90 ದಿನ ಮಾತ್ರ ಬಿಡುತ್ತಾರೆ. ಆ ದಿನಗಳು ಕರಗುವಾಗ ಯಾವ ಆಫರ್ ಬಂದರೂ ದೇವರು ಕೊಟ್ಟ ಹಾಗೆ ಕಾಣುತ್ತದೆ. ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು.

ಗ್ರಾಹಕರ ದೂರು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಟಿಸಿಯ ಲೆಕ್ಕವೂ ಮಕ್ಕಳೇ ಜಾಸ್ತಿ ಬೀಳುತ್ತಾರೆ ಅಂತ ಹೇಳುತ್ತದೆ. 2019ರಲ್ಲಿ ನಕಲಿ ಚೆಕ್ ಬಗ್ಗೆ 27,000ಕ್ಕೂ ಜಾಸ್ತಿ ದೂರು ಬಂದಿದ್ದವು, ಹೋದ ದುಡ್ಡು 2.8 ಕೋಟಿ ಡಾಲರ್ ಮೀರಿತ್ತು. ಇಪ್ಪತ್ತರಿಂದ ಮೂವತ್ತರ ನಡುವಿನವರು ದುಡ್ಡು ಕಳೆದುಕೊಂಡೆವು ಅಂತ ದೂರು ಕೊಡುವ ಸಾಧ್ಯತೆ ಮೂವತ್ತು ದಾಟಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಇವರ ವಯಸ್ಸಿನವರು ಚೆಕ್ಕನ್ನೇ ಸರಿಯಾಗಿ ನೋಡಿರುವುದಿಲ್ಲ. ಊರಿನಿಂದ ಬಂದ ನಮ್ಮ ಮಕ್ಕಳಿಗೆ ಕಾಲೇಜು ಸೇರಿದಾಗಿನಿಂದ ಯುಪಿಐ.

ಸಂಗೀತ ಕಲಿಸುವ ಅಕ್ಕಂದಿರಿಗೆ

ಇದು ಬರೀ ಓದುವ ಮಕ್ಕಳ ಕತೆ ಅಂದುಕೊಳ್ಳಬೇಡಿ. ಮನೆಯಲ್ಲಿ ಕರ್ನಾಟಕ ಸಂಗೀತ, ಭರತನಾಟ್ಯ, ಗಣಿತದ ಟ್ಯೂಷನ್ ಹೇಳಿಕೊಡುವವರಿಗೂ ಬರುತ್ತದೆ. 'ನನ್ನ ಮಗಳು ಲಂಡನ್ನಿನಿಂದ ಒಂದು ತಿಂಗಳು ರಜೆಗೆ ಬರುತ್ತಾಳೆ, ವಾರಕ್ಕೆ ಮೂರು ದಿನ ಪಾಠ ಬೇಕು, ಒಟ್ಟು ಫೀಸು ಎಷ್ಟು?' ಚೌಕಾಸಿ ಇಲ್ಲ. ರಾಗ ಯಾವುದು, ಮಗಳು ಎಲ್ಲಿಯವರೆಗೆ ಕಲಿತಿದ್ದಾಳೆ, ಒಂದೂ ಮಾತಿಲ್ಲ. ಮಗಳಿಗೆ ಪಾಠ ಹೇಳಿಸುವ ತಾಯಿ ಹೀಗಿರುತ್ತಾಳಾ? ನಮ್ಮವರಾದರೆ ಸರಳೆ ವರಸೆಯಿಂದ ಶುರು ಮಾಡುತ್ತೀರಾ, ಯಾವ ಬಾನಿ, ಅಕ್ಕಪಕ್ಕದ ಟೀಚರು ಇಷ್ಟೇ ತಗೊಳ್ಳೋದು ಅಂತ ಒಂದು ಗಂಟೆ ಮಾತಾಡುತ್ತಾರೆ. ಆಮೇಲೆ ಫೀಸಿಗಿಂತ ಸಾವಿರ ಡಾಲರ್ ಜಾಸ್ತಿಯ ಚೆಕ್ ಬರುತ್ತದೆ. 'ಜಾಸ್ತಿ ಇರುವುದು ಅವಳನ್ನು ಕರೆತರುವ ಡ್ರೈವರಿಗೆ, ಅವನಿಗೆ ಕಳಿಸಿಬಿಡಿ.'

ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಹುಡುಕುವವರಿಗೆ ಗಾಲಿಕುರ್ಚಿ ಕೊಳ್ಳುವ ನೆಪ. ಅಂಗಡಿಗೆ ಗ್ರಾಹಕರ ಹಾಗೆ ಹೋಗಿ ವರದಿ ಕೊಡುವ ಮಿಸ್ಟರಿ ಶಾಪರ್ ಕೆಲಸದಲ್ಲಿ 'ಗಿಫ್ಟ್ ಕಾರ್ಡ್ ಮಾರಾಟ ಹೇಗಿದೆ ಪರೀಕ್ಷಿಸಿ' ಅನ್ನುವ ನೆಪ. ಕಾರಿಗೆ ಜಾಹೀರಾತು ಅಂಟಿಸಿಕೊಂಡರೆ ವಾರಕ್ಕೆ ಇಷ್ಟು ಅನ್ನುವವರು ಅಂಟಿಸುವವನ ಕೂಲಿಯನ್ನು ನಿಮ್ಮ ಕೈಯಿಂದ ಕೊಡಿಸುತ್ತಾರೆ. ಯಂತ್ರ ಒಂದೇ.

ಕೌಂಟರಿನಲ್ಲಿ ಏನು ಹೇಳಬೇಕು

ಅನುಮಾನವಿದ್ದರೆ ಚೆಕ್ ಹಾಕದೆ ಒಳಗೆ ತೆಗೆದುಕೊಂಡು ಬನ್ನಿ. ಹಾಕಿದ ಮೇಲೆ ಬಂದು 'ಇದು ಕ್ಲಿಯರ್ ಆಯ್ತಾ' ಅಂತ ಕೇಳಬೇಡಿ. ಕ್ಯೂನಲ್ಲಿ ಹತ್ತು ಜನ ನಿಂತಿರುತ್ತಾರೆ. ಟೆಲ್ಲರ್ ಪರದೆ ನೋಡಿ, ಬ್ಯಾಲೆನ್ಸಿನಲ್ಲಿ ಸೇರಿದೆ, ಹೌದು ಅನ್ನುತ್ತಾರೆ. ಅವರು ಸುಳ್ಳು ಹೇಳಿದ್ದಲ್ಲ, ನಿಮ್ಮ ಪ್ರಶ್ನೆಗೆ ಕೊಟ್ಟ ಉತ್ತರ ಅದು. ಅದನ್ನೇ ನಂಬಿ ಮೂರು ಸಾವಿರ ಕಳಿಸಿದವರಿದ್ದಾರೆ.

ಬದಲಿಗೆ ಹೀಗೆ ಹೇಳಿ: 'ನಾನು ಮುಖ ನೋಡಿರದ ಒಬ್ಬರು ಇದನ್ನು ಕಳಿಸಿದ್ದಾರೆ. ಇದರಲ್ಲಿ ಒಂದು ಭಾಗ ಬೇರೆಯವರಿಗೆ ಕಳಿಸು ಅಂತಿದ್ದಾರೆ.' ಈ ಎರಡು ಸಾಲು ಕೇಳಿದ ಯಾವ ಟೆಲ್ಲರೂ ಮುಂದಿನ ಗ್ರಾಹಕರನ್ನು ಕರೆಯುವುದಿಲ್ಲ, ಮ್ಯಾನೇಜರನ್ನು ಕರೆಯುತ್ತಾರೆ. ಮೋಸಗಾರರು ಮಕ್ಕಳಿಗೆ 'ಬ್ಯಾಂಕಿನವರು ಕೇಳಿದರೆ ಮಾವ ಕಳಿಸಿದ್ದು ಅನ್ನು' ಅಂತ ಹೇಳಿಕೊಟ್ಟಿರುವುದೂ ಉಂಟು. ಬ್ಯಾಂಕಿಗೆ ಸುಳ್ಳು ಹೇಳಿಸುವ ಬಾಸ್ ಎಂಥ ಬಾಸ್ ಅಂತ ಅಲ್ಲೇ ಯೋಚಿಸಬೇಕು. ಮುಂದೆ ತೊಂದರೆಯಾದಾಗ ಆ ಸುಳ್ಳು ನಿಮ್ಮ ಕುತ್ತಿಗೆಗೇ ಬರುತ್ತದೆ.

ಪತ್ರದಲ್ಲಿದ್ದ ಪ್ರೊಫೆಸರಿಗೆ ಯೂನಿವರ್ಸಿಟಿ ಡೈರೆಕ್ಟರಿಯಲ್ಲಿರುವ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಬಾಗಿಲು ತಟ್ಟಿ ಕೇಳಿದರೆ ಇನ್ನೂ ಒಳ್ಳೆಯದು. ಬಹಳ ಸಲ ಅವರಿಗೆ ಅದಾಗಲೇ ಹತ್ತು ಜನ ಬರೆದಿರುತ್ತಾರೆ.

ಆಗಲೇ ಹಾಕಿಬಿಟ್ಟಿದ್ದರೆ

ಚೆಕ್ ಹಾಕಿದ್ದೀರಿ, ದುಡ್ಡು ಇನ್ನೂ ಕಳಿಸಿಲ್ಲ ಅಂದರೆ ಏನೂ ಹೋಗಿಲ್ಲ. ಬ್ಯಾಂಕಿಗೆ ಹೇಳಿ, ಆ ಮೊತ್ತವನ್ನು ಮುಟ್ಟಬೇಡಿ. ವಾಪಸ್ ಬಂದಾಗ ಒಂದು ಸಣ್ಣ ಶುಲ್ಕ ಬೀಳಬಹುದು, ಮೊದಲೇ ಹೇಳಿದ್ದರೆ ಕೆಲವು ಸಲ ಅದನ್ನೂ ಬಿಡುತ್ತಾರೆ.

ಕಳಿಸಿಬಿಟ್ಟಿದ್ದರೆ ಗಂಟೆಗಳ ಲೆಕ್ಕ. ಝೆಲ್ ಆದರೆ ತಕ್ಷಣ ನಿಮ್ಮ ಬ್ಯಾಂಕಿನ ಫ್ರಾಡ್ ವಿಭಾಗಕ್ಕೆ ಫೋನ್ ಮಾಡಿ. ನೀವೇ ಕಳಿಸಿದ ದುಡ್ಡು ವಾಪಸ್ ಬರುವ ಆಸೆ ಕಡಿಮೆ, ಆದರೂ ಕೇಳದೇ ಬಿಡಬೇಡಿ. ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ವೈರ್ ಟ್ರಾನ್ಸ್‌ಫರ್ ಆದರೆ ವಾಪಸ್ ಕರೆಸಲು ಕೇಳಿ. ಗಿಫ್ಟ್ ಕಾರ್ಡ್ ಆದರೆ ಕಾರ್ಡನ್ನೂ ರಸೀದಿಯನ್ನೂ ಹಿಡಿದು ಕಾರ್ಡಿನ ಕಂಪನಿಗೆ ಫೋನ್ ಮಾಡಿ. ಅದರಲ್ಲಿ ಇನ್ನೂ ದುಡ್ಡು ಉಳಿದಿದ್ದರೆ ತಡೆಯಬಹುದು. ಪಾಸ್‌ವರ್ಡ್ ಕೊಟ್ಟಿದ್ದರೆ ಬದಲಿಸಿ, ಅಕೌಂಟನ್ನೇ ಮುಚ್ಚಿ ಹೊಸದು ತೆರೆಯಲು ಕೇಳಿ. ಸೋಷಿಯಲ್ ಸೆಕ್ಯುರಿಟಿ ನಂಬರ್ ಕೊಟ್ಟಿದ್ದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಸಾಲ ತೆಗೆಯದ ಹಾಗೆ ಮೂರೂ ಕ್ರೆಡಿಟ್ ಸಂಸ್ಥೆಗಳಲ್ಲಿ ಕ್ರೆಡಿಟ್ ಫ್ರೀಜ್ ಮಾಡಿಸಿ. ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್. ಅದಕ್ಕೆ ದುಡ್ಡಿಲ್ಲ.

ಅಕೌಂಟ್ ಮೈನಸ್‌ಗೆ ಹೋಗಿದ್ದರೆ ತಲೆಮರೆಸಿಕೊಳ್ಳಬೇಡಿ. ಕಟ್ಟದೆ ಬಿಟ್ಟರೆ ಬ್ಯಾಂಕು ಅಕೌಂಟ್ ಮುಚ್ಚಿ ಚೆಕ್ಸ್‌ಸಿಸ್ಟಮ್ಸ್ ಅನ್ನುವ ಸಂಸ್ಥೆಗೆ ವರದಿ ಮಾಡಬಹುದು. ಅಲ್ಲಿ ಹೆಸರು ಐದು ವರ್ಷ ಉಳಿಯುತ್ತದೆ, ಬೇರೆ ಬ್ಯಾಂಕಿನಲ್ಲೂ ಅಕೌಂಟ್ ಸಿಗುವುದು ಕಷ್ಟವಾಗುತ್ತದೆ. ಮ್ಯಾನೇಜರ್ ಮುಂದೆ ಕೂತು ಮೆಸೇಜುಗಳನ್ನು ತೋರಿಸಿ, ಕಂತಿನಲ್ಲಿ ಕಟ್ಟುತ್ತೇನೆ ಅನ್ನಿ. ಬಹಳ ಮಂದಿ ಒಪ್ಪುತ್ತಾರೆ. ವೀಸಾಕ್ಕೆ ಏನಾಗುತ್ತದೋ ಅಂತ ಹೆದರಿ ಬಾಯಿ ಮುಚ್ಚಿಕೊಂಡಿರುವವರೂ ಇದ್ದಾರೆ. ಯೂನಿವರ್ಸಿಟಿಯಲ್ಲಿ ವೀಸಾ ವಿಷಯ ನೋಡಿಕೊಳ್ಳುವ ನಿಮ್ಮ ಡಿಎಸ್‌ಒ ಹತ್ತಿರ ಹೋಗಿ ಮಾತಾಡಿ. ಬಹಳ ಯೂನಿವರ್ಸಿಟಿಗಳಲ್ಲಿ ಮಕ್ಕಳಿಗೆ ಪುಕ್ಕಟೆ ಕಾನೂನು ಸಲಹೆಯೂ ಸಿಗುತ್ತದೆ.

ಅಪ್ಪ ಅಮ್ಮನಿಗೂ ಹೇಳಿ. ಅವರಿಂದ ಬಚ್ಚಿಟ್ಟು ರೂಮ್‌ಮೇಟ್‌ಗಳ ಹತ್ತಿರ ಸಾಲ ಮಾಡಿ ಮುಚ್ಚಲು ಹೋದವರ ಪಾಡು ನೋಡಿದ್ದೇನೆ. ಊರಿನಲ್ಲಿರುವ ಅಪ್ಪಂದಿರೇ, ಮಗ ಫೋನ್ ಮಾಡಿ ಇದನ್ನು ಹೇಳಿದರೆ 'ಅಷ್ಟು ಓದಿದೋನಿಗೆ ಬುದ್ಧಿ ಇರಲಿಲ್ವಾ' ಅನ್ನುವುದನ್ನು ಒಂದು ವಾರ ಮುಂದಕ್ಕೆ ಹಾಕಿ. ಆ ವಾರದಲ್ಲಿ ಅವನಿಗೆ ಮಾಡಬೇಕಾದ ಫೋನುಗಳೇ ಬೇಕಾದಷ್ಟಿವೆ.

ದೂರು ಕೊಡಲು ಎಫ್‌ಟಿಸಿಯ ರಿಪೋರ್ಟ್‌ಫ್ರಾಡ್ ಡಾಟ್ ಎಫ್‌ಟಿಸಿ ಡಾಟ್ ಗೌ, ಎಫ್‌ಬಿಐನ ಐಸಿ3 ಡಾಟ್ ಗೌ. ಚೆಕ್ ಟಪಾಲಿನಲ್ಲಿ ಬಂದಿದ್ದರೆ ಅಂಚೆಯ ಇನ್ಸ್‌ಪೆಕ್ಷನ್ ಸರ್ವಿಸ್‌ಗೂ ಕೊಡಿ. ಲಕೋಟೆಯನ್ನು ಬಿಸಾಡಬೇಡಿ, ಅದರ ಮೇಲಿನ ಟ್ರ್ಯಾಕಿಂಗ್ ನಂಬರ್ ಅವರಿಗೆ ಬೇಕು. ಚಾಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಕೆಲಸದ ಜಾಹೀರಾತು ಯೂನಿವರ್ಸಿಟಿಯ ಉದ್ಯೋಗ ತಾಣದಲ್ಲಿ ಬಂದಿದ್ದರೆ ಆ ಕಚೇರಿಗೆ ತಿಳಿಸಿ, ತೆಗೆಸುತ್ತಾರೆ.

ದುಡ್ಡು ಕಳಿಸಲು ಒಪ್ಪದಿದ್ದರೆ 'ಕಂಪನಿಯ ಹಣ ಕದ್ದಿದ್ದೀಯ, ಎಫ್‌ಬಿಐ ಕಳಿಸುತ್ತೇನೆ' ಅಂತ ಹೆದರಿಸುತ್ತಾರೆ. ಉತ್ತರ ಕೊಡದೆ ಬ್ಲಾಕ್ ಮಾಡಿ. ಕಳೆದುಕೊಂಡವರಿಗೆ ತಿಂಗಳೆರಡು ತಿಂಗಳ ಮೇಲೆ ಇನ್ನೊಂದು ಫೋನ್ ಬರಬಹುದು: 'ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಲು ಇಷ್ಟು ಶುಲ್ಕ ಕಟ್ಟಿ.' ಮೋಸ ಹೋದವರ ಪಟ್ಟಿಯನ್ನು ಮೋಸಗಾರರು ಒಬ್ಬರಿಗೊಬ್ಬರು ಮಾರಿಕೊಳ್ಳುತ್ತಾರೆ. ಎಫ್‌ಟಿಸಿಯಾಗಲಿ ಎಫ್‌ಬಿಐ ಆಗಲಿ ದುಡ್ಡು ವಾಪಸ್ ಕೊಡಿಸಲು ಶುಲ್ಕ ಕೇಳುವುದಿಲ್ಲ. ಆ ನಂಬರನ್ನೂ ಬ್ಲಾಕ್ ಮಾಡಿ, ಅದನ್ನೂ ಅದೇ ದೂರಿಗೆ ಸೇರಿಸಿ.